ನಲವತ್ತನೆಯ ತಪ್ಪು

ನನಗೆ ಸಿಟ್ಟು ಬೇಗ ಬರುತ್ತದೆ. ಮನೆಯವರು, ಶಾಲೆಯಲ್ಲಿ ಜೊತೆಗೆ ಪಾಠ ಮಾಡುವವರು ಎಲ್ಲರೂ ಇದನ್ನು ಹೇಳಿ ಹೇಳಿ ಸುಸ್ತಾಗಿದ್ದಾರೆ. ಆದರೆ ಜಗತ್ತು ಮುಳುಗಿಹೋದ ಮೇಲೆ ಉಳಿದ ನಾಲ್ಕು ಜನ ಹೇಗೆ ಬದುಕಿದರು ಎಂಬ ಜಪಾನಿ ಚಿತ್ರಕಥೆಗಳನ್ನು ಹುಡುಗರು ಮೊಬೈಲಿನಲ್ಲಿ ನೋಡಿಬಂದು, ಅವುಗಳಲ್ಲಿ ವಿಜ್ಞಾನ ಎಲ್ಲ ಸರಿಯಾಗಿದೆ ಎಂದು ನನ್ನ ಮುಂದೆ ವಾದ ಹೂಡಿದಾಗ ಬರುವ ಸಿಟ್ಟು ಬೇರೆ. ಅದು ಹಳೆಯದು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ರಾಣೇಬೆನ್ನೂರಿನ ಹೊರಗೆ ಹಲಗೇರಿ ರಸ್ತೆಯ ಕಡೆಗಿದ್ದ ಒಂದು ಟೊಮ್ಯಾಟೊ ಪ್ಲಾಟಿನಲ್ಲಿ ಹುಟ್ಟಿದ್ದು.

ಪ್ಲಾಟು ಎಂದರೆ ಬೀಜದ ಪ್ಲಾಟು. ಒಂದು ಬೀಜದ ಕಂಪನಿಯವರು ಹೊಲವನ್ನು ವರ್ಷಕ್ಕಿಷ್ಟು ಹಣವೆಂದು ಲಾವಣಿಗೆ ಹಿಡಿದು ಅಲ್ಲಿ ಹೈಬ್ರಿಡ್ ಬೀಜ ಮಾಡಿಸುತ್ತಿದ್ದರು. ನಮ್ಮ ಓಣಿಯ ಹೆಂಗಸರೆಲ್ಲ ಅದಕ್ಕೆ ಕ್ರಾಸಿಂಗ್ ಕೆಲಸ ಎನ್ನುತ್ತಿದ್ದರು. ಮಧ್ಯಾಹ್ನದ ಮೇಲೆ ಹೆಣ್ಣು ಸಾಲಿನ ಮೊಗ್ಗುಗಳನ್ನು ಚಿಮಟದಿಂದ ಬಿಡಿಸಿ, ಒಳಗಿನ ಹಳದಿ ಗಂಡುಭಾಗವನ್ನು ಕಿತ್ತು ತೆಗೆಯಬೇಕು. ಮರುದಿನ ಬೆಳಿಗ್ಗೆ ಬೆರಳಿಗೊಂದು ಉಂಗುರ. ಆ ಉಂಗುರಕ್ಕೆ ಕಲ್ಲಿನ ಬದಲು ಪುಟ್ಟದೊಂದು ಬಟ್ಟಲು ಇರುತ್ತದೆ, ಅದರಲ್ಲಿ ಗಂಡು ಸಾಲಿನ ಹೂವಿನ ಪುಡಿ. ಮುನ್ನಾದಿನ ಬಿಡಿಸಿದ ಹೂವಿನ ತುದಿಯನ್ನು ಅದರಲ್ಲಿ ಅದ್ದಿ, ಆ ಹೂವಿನ ಕೆಲಸ ಮುಗಿಯಿತು ಎಂಬ ಗುರುತಿಗೆ ಬುಡದ ಹಸಿರು ಎಸಳು ಎರಡನ್ನು ಕತ್ತರಿಸಬೇಕು. ದಿನವಿಡೀ ಬಗ್ಗಿಯೇ ಇರಬೇಕು. ಅವ್ವ ಎಂಟು ವರ್ಷ ಈ ಕೆಲಸ ಮಾಡಿದ್ದಳು. ಅವಳ ಬೆರಳಿನಲ್ಲಿ ಉಂಗುರದ ಜಾಗ ಬೆಳ್ಳಗಾಗಿಬಿಟ್ಟಿತ್ತು.

ನಾನು ಹಿಂದಿನ ವರ್ಷವೇ ಹತ್ತನೆಯ ತರಗತಿ ಪಾಸಾಗಿ ಮನೆಯಲ್ಲಿದ್ದೆ. ಅವ್ವ ಒಂದು ಕರಾರು ಹಾಕಿದ್ದಳು. ಹಂಗಾಮು ಮುಗಿಯುವ ತನಕ ಅವಳ ಜೊತೆ ಪ್ಲಾಟಿನಲ್ಲಿ ನಿಂತರೆ ಜೂನ್ ತಿಂಗಳಲ್ಲಿ ಕಾಲೇಜು. ನಡುವೆ ಬಿಟ್ಟರೆ ಕಾಲೇಜಿನ ಮಾತೇ ಇಲ್ಲ, ಆಗಲೇ ಒಂದು ಸಂಬಂಧ ಕೇಳಿಕೊಂಡು ಬಂದಿದ್ದರು. ನಾನು ಒಪ್ಪಿದೆ. ನನ್ನ ಜೊತೆ ಓದಿದ, ಎರಡು ಓಣಿ ಆಚೆಗಿನ ಗೆಳತಿಯೂ ಕೆಲಸಕ್ಕೆ ಬಂದಳು. ಅವಳ ಅಪ್ಪನಿಗೆ ಬಸ್‌ಸ್ಟ್ಯಾಂಡಿನ ಹಿಂದೆ ಸ್ಕೂಟರ್ ರಿಪೇರಿಯ ಅಂಗಡಿಯಿತ್ತು, ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ನನ್ನ ಅಪ್ಪ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ, ವಾರಕ್ಕೊಮ್ಮೆ ಸೀನುತ್ತ ಮನೆಗೆ ಬರುತ್ತಿದ್ದ.

ಪ್ಲಾಟಿಗೆ ಒಬ್ಬ ಸಾಹೇಬ ಇದ್ದ. ಕೃಷಿ ವಿಜ್ಞಾನದಲ್ಲಿ ಡಿಗ್ರಿ ಮಾಡಿದವನು. ಕಿಸೆಯಲ್ಲಿ ಭೂತಗನ್ನಡಿ ಇಟ್ಟುಕೊಂಡು ಓಡಾಡುತ್ತಿದ್ದ. ಆ ಡಿಗ್ರಿಯ ಸಾಹೇಬನ ಮೊದಲ ಕಾನೂನು ಏನೆಂದರೆ, ಮುಟ್ಟಾದ ಹೆಂಗಸು ನಾಲ್ಕು ದಿನ ಪ್ಲಾಟಿನೊಳಗೆ ಕಾಲಿಡುವಂತಿಲ್ಲ, ಅವಳು ಮುಟ್ಟಿದ ಹೂವು ಕಾಯಿ ಕಟ್ಟುವುದಿಲ್ಲ. ಗೇಟಿನಲ್ಲಿ ಒಬ್ಬ ಮುದುಕಿಯನ್ನು ಕೂರಿಸಿದ್ದ. ಒಳಗೆ ಹೋಗುವ ಒಬ್ಬೊಬ್ಬರನ್ನೂ ಅವಳು ದಿನಾ ಬೆಳಿಗ್ಗೆ ‘ಹೊರಗಾಗಿಲ್ಲ ಹೌದಿಲ್ಲೋ’ ಎಂದು ಕೇಳಬೇಕು. ನಾವು ‘ಇಲ್ಲ’ ಎನ್ನಬೇಕು. ಹದಿನಾರು ವರ್ಷದ ನನಗೆ ಆ ಗೇಟು ದಾಟುವಾಗಲೆಲ್ಲ ಮೈ ಉರಿಯುತ್ತಿತ್ತು.

ಮಾರ್ಚ್ ತಿಂಗಳಲ್ಲಿ ಜಪಾನಿನಿಂದ ಒಬ್ಬ ಬೀಜದ ಪರಿಣತ ಎರಡು ದಿನ ಪ್ಲಾಟು ನೋಡಲು ಬಂದ. ಸಾಹೇಬ ಅವನ ಹಿಂದೆ ಕೊಡೆ ಹಿಡಿದುಕೊಂಡು ತಿರುಗಿದ್ದೇ ತಿರುಗಿದ್ದು. ಅವನು ಹೋದ ಮೇಲೆ ಬದುವಿನ ಮೇಲೆ ಒಂದು ಪುಸ್ತಕ ಉಳಿದಿತ್ತು. ಇಟ್ಟಿಗೆಯಷ್ಟು ದಪ್ಪ, ಕಾಗದ ಮಾತ್ರ ಅಗ್ಗದ್ದು, ತುಂಬ ಚಿತ್ರ. ಮುದುಕಿ ಅದನ್ನು ಹರಿದು ಹೂವಿನ ಪುಡಿ ಒಣಗಿಸಲು ಹಾಸಬೇಕೆಂದಿದ್ದಳು. ನಾನು ಹಳೆಯ ನೋಟ್‌ಬುಕ್ ಎರಡು ತಂದುಕೊಡುತ್ತೇನೆಂದು ಹೇಳಿ ಪುಸ್ತಕ ಬಿಡಿಸಿಕೊಂಡೆ. ಇಂಥದ್ದಕ್ಕೆ ಮಾಂಗಾ ಎನ್ನುತ್ತಾರೆ ಎಂದು ತಿಳಿಯಲು ಎಷ್ಟೋ ವರ್ಷ ಬೇಕಾಯಿತು. ಆಗ ಅದು ‘ಜಪಾನಿ ಬುಕ್ಕು’.

ಊಟದ ಹೊತ್ತಿನಲ್ಲಿ ಬೇವಿನ ಮರದ ಕೆಳಗೆ ನಾನೂ ಗೆಳತಿಯೂ ಅದನ್ನು ಓದಿದೆವು. ಓದುವುದೆಂದರೆ ಚಿತ್ರ ನೋಡುವುದು. ಮೊದಲ ಪುಟದಲ್ಲಿ ಹೊಲ, ನೆರೆದ ಜನ, ನಗು. ಆಮೇಲೆ ಒಂದೊಂದೇ ಪುಟಕ್ಕೆ ಜನ ಸೊರಗಿದರು, ಗಿಡ ಸಣ್ಣದಾಗುತ್ತ ಹೋಗಿ ಬೀಜವಾಗಿ ಡಬ್ಬಿಯೊಳಗೆ ಕೂತಿತು. ಬಿದ್ದ ಮನೆಗಳ ನಡುವೆ ಒಬ್ಬ ಹುಡುಗಿ ಅಲೆದಾಡಿದಳು. ಕೊನೆಗೆ ಎರಡು ಪುಟ ತುಂಬ ಕಣ್ಣು ಕುಕ್ಕುವ ಬೆಳಕು, ಅದರ ನಂತರ ದೊಡ್ಡ ಶಹರ, ರೈಲು, ಶಾಲೆಗೆ ಹೋಗುವ ಮಕ್ಕಳು. ಕಷ್ಟಪಟ್ಟು ಬೀಜ ಕೂಡಿಟ್ಟ ಹುಡುಗಿಗೆ ದೇವರು ಬೆಳಕಾಗಿ ಬಂದು ಶಹರ ಕೊಟ್ಟ ಎಂದು ನಾವು ತಿಳಿದೆವು. ನನಗಂತೂ ಬಹಳ ಸಮಾಧಾನವಾಯಿತು, ಆ ಶಹರದಲ್ಲಿ ಒಂದು ಕಾಲೇಜೂ ಇತ್ತು.

ಗೆಳತಿ ಅದನ್ನು ಮನೆಗೆ ಒಯ್ದಳು. ಚಾಚಾ ಉರ್ದು ಓದಿದವರು, ಪುಸ್ತಕ ಕೈಗೆ ಬಂದರೆ ಬಲಗಡೆಯಿಂದಲೇ ತೆರೆಯುತ್ತಾರೆ. ತೆರೆದು ಹತ್ತು ಪುಟ ಮಗುಚಿದವರೇ ಮಗಳನ್ನು ಕರೆದು ತೋರಿಸಿದರಂತೆ. ಮರುದಿನ ಗೆಳತಿ ಬಂದವಳೇ ನನ್ನ ಮುಂದೆ ಪುಸ್ತಕವನ್ನು ತಿರುವಿಹಾಕಿ ಇಟ್ಟಳು. ಅದನ್ನೂ ಉರ್ದುವಿನ ಹಾಗೆ ಬಲಗಡೆಯಿಂದಲೇ ಓದಬೇಕಿತ್ತು. ಶಹರ ಮೊದಲು. ಶಾಲೆಯ ಮಕ್ಕಳು ಮೊದಲು. ಆಮೇಲೆ ಆ ಬೆಳಕು. ಅದು ದೇವರಲ್ಲ. ಅಂಥ ಕೇಡನ್ನು ನೋಡಿ ನಾನು ಒಂದು ದಿನ ಪೂರ್ತಿ ಖುಷಿಯಾಗಿದ್ದೆ ಎಂಬುದಕ್ಕೇ ನಾಚಿಕೆಯಾಯಿತು.

ಸರಿಯಾದ ಕಡೆಯಿಂದ ಓದತೊಡಗಿದ ಮೇಲೆ ತಪ್ಪುಗಳು ಕಾಣತೊಡಗಿದವು. ಹುಡುಗಿಗೆ ನೀರು ಜಿನುಗುವ ನೆಲಮಾಳಿಗೆಯಲ್ಲಿ ಬೀಜದ ಡಬ್ಬಿ ಸಿಗುತ್ತದೆ. ತುಕ್ಕು ಹಿಡಿದಿದೆ, ಮುಚ್ಚಳ ತೂತಾಗಿದೆ. ಬಿತ್ತುತ್ತಾಳೆ, ಮುಂದಿನ ಪುಟದಲ್ಲಿ ಮಂಡಿಯೆತ್ತರದ ಗಿಡ. ಅವ್ವ ಓದಿದವಳಲ್ಲ, ಆದರೆ ಆ ಚಿತ್ರ ನೋಡಿ ಅವಳಿಗೂ ರೇಗಿತು. ಥಂಡಿ ಹಿಡಿದ ಬೀಜ ಗೊಬ್ಬರಕ್ಕೂ ಬರುವುದಿಲ್ಲ ಎಂದು ಬೈದಳು. ಪುಸ್ತಕದಲ್ಲಿ ಬೆಳೆದ ಹಣ್ಣಿನ ಬೀಜವನ್ನೇ ಮತ್ತೆ ಬಿತ್ತಿದರೆ ಅಂಥದ್ದೇ ಹಣ್ಣು ಬರುತ್ತದೆ, ಅದೂ ನಾಲ್ಕು ಸಲ. ಹೈಬ್ರಿಡ್ ಬೀಜವಾದರೆ ಎರಡನೆಯ ಸಲಕ್ಕೇ ಗಿಡಕ್ಕೊಂದು ಬುದ್ಧಿ, ಒಂದರ ಹಣ್ಣಿನಂತೆ ಇನ್ನೊಂದರದಿಲ್ಲ ಎಂದು ನಮ್ಮ ಪ್ಲಾಟಿನ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಿದ್ದಳು. ಹುಡುಗಿ ಒಂದು ಪುಕ್ಕದಿಂದ ಹೂವಿಗೆ ಪುಡಿ ಮುಟ್ಟಿಸುತ್ತಾಳೆ, ನೆತ್ತಿಯ ಮೇಲೆ ಸೂರ್ಯ ಇರುವಾಗ, ಗಂಡುಭಾಗವನ್ನು ಕೀಳದೆ. ಅದನ್ನು ನೋಡಿ ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು.

ವಿಜ್ಞಾನದ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ನಾನು ತಪ್ಪುಗಳಿಗೆ ನಂಬರು ಹಾಕಿ ಬರೆಯತೊಡಗಿದೆ. ವರ್ಷಗಟ್ಟಲೆ ನಿಂತ ಮೋಟಾರುಸೈಕಲ್ಲು ಒಂದೇ ಒದೆತಕ್ಕೆ ಚಾಲೂ ಆಗುವುದನ್ನು ನೋಡಿ ಚಾಚಾ, ಆ ಪೆಟ್ರೋಲು ಎಂದೋ ಅಂಟಾಗಿ ಕಾರ್ಬುರೇಟರ್ ಕಟ್ಟಿರುತ್ತದೆ ಎಂದರು, ಬರೆದೆ. ಅಪ್ಪ ಬ್ಯಾಡಗಿಯಿಂದ ಬಂದ ದಿನ ಅವನ ಮುಂದೆಯೂ ಹಿಡಿದೆ. ಬಿಕೋ ಎನ್ನುವ ಗೋದಾಮಿನಲ್ಲಿ ಧಾನ್ಯದ ಚೀಲಗಳು ಒಟ್ಟಿದ ಹಾಗೆಯೇ ಇರುವ ಚಿತ್ರವನ್ನು ಅವನು ಬಹಳ ಹೊತ್ತು ನೋಡಿದ. ‘ಹೆಗ್ಗಣ ಎಲ್ಲೆದಾವ?’ ಎಂದ. ಮೂವತ್ತೊಂದನೆಯ ತಪ್ಪು.

ಮೂವತ್ತೆರಡನೆಯದನ್ನು ಹುಡುಕಿದವಳು ಗೆಳತಿ. ಅವಳು ಹಿಮ ಬೀಳುವ ಪುಟಗಳನ್ನು ಎಣಿಸುತ್ತಿದ್ದಳು. ಕಥೆಯಲ್ಲಿ ಮೂರು ಚಳಿಗಾಲ ಕಳೆಯುತ್ತವೆ. ಹುಡುಗಿ ನಮ್ಮದೇ ವಯಸ್ಸಿನವಳು. ನೀರು ಕಾಯಿಸುವುದನ್ನು ತೋರಿಸಿದ್ದಾರೆ, ಕಾಲಿನ ಹುಣ್ಣು ತೋರಿಸಿದ್ದಾರೆ, ಬೂದಿಯಿಂದ ಸಾಬೂನು ಮಾಡುವುದನ್ನು ಆರು ಚಿತ್ರಗಳಲ್ಲಿ ತೋರಿಸಿದ್ದಾರೆ. ಮೂರು ವರ್ಷಗಳಲ್ಲಿ ಅವಳು ಒಂದು ಬಟ್ಟೆ ಹರಿದು ಮಡಚಲಿಲ್ಲ, ಒಂದು ಬಟ್ಟೆ ಯಾರಿಗೂ ಕಾಣದ ಹಾಗೆ ಒಣಗಹಾಕಲಿಲ್ಲ. ಅಷ್ಟೆಲ್ಲ ಯೋಚಿಸಿದ ಮಹಾಶಯನಿಗೆ ಇದು ಹೊಳೆಯಲೇ ಇಲ್ಲ. ನಾವು ನಗಲಿಲ್ಲ ಈ ಸಲ. ಇಲ್ಲಿ ಒಬ್ಬ ಡಿಗ್ರಿ ಮಾಡಿದವನು ನಮ್ಮ ಮುಟ್ಟಿನ ಹೊರತು ಬೇರೆ ಏನನ್ನೂ ವಿಚಾರಿಸುವುದಿಲ್ಲ, ಅಲ್ಲಿ ಒಬ್ಬ ಕಥೆಗಾರನಿಗೆ ಅದು ಇರುವುದೇ ಗೊತ್ತಿಲ್ಲ. ಪೆನ್ನು ಒತ್ತಿ ಬರೆದದ್ದಕ್ಕೆ ಆ ಪುಟ ತೂತಾಗಿದೆ, ಈಗಲೂ ನೋಡಬಹುದು.

ಆದರೆ ನ್ಯಾಯವಾಗಿ ಹೇಳಬೇಕೆಂದರೆ ಒಂದು ಜಾಗ ಸರಿಯಾಗಿತ್ತು. ಉಳಿದ ಜನರಿಗೆ ಒಬ್ಬ ಹಿರಿಯನಿದ್ದಾನೆ. ಹೆಣ ಹೂಳಿದ ಹೊಲದಲ್ಲಿ ಏನೂ ಬೆಳೆಯುವುದಿಲ್ಲ ಎಂದು ಅವನು ಕೈಮಾಡಿ ತಲೆಯಾಡಿಸುತ್ತಾನೆ. ಹುಡುಗಿ ವಾದ ಮಾಡುವುದಿಲ್ಲ. ಆ ಹೊಲದಲ್ಲಿ ಒಂದು ಸಾಲು, ಬೇರೆ ಹೊಲದಲ್ಲಿ ಒಂದು ಸಾಲು ಬಿತ್ತುತ್ತಾಳೆ. ಅದೇ ಬೀಜ, ಅದೇ ದಿನ, ಅದೇ ನೀರು. ಎರಡು ಸಾಲಿಗೂ ಬೇರೆ ಬೇರೆ ಬಣ್ಣದ ಚಿಂದಿ ಕಟ್ಟುತ್ತಾಳೆ. ಎರಡೂ ಒಂದೇ ಸಮ ಬೆಳೆಯುತ್ತವೆ. ಹಿರಿಯನನ್ನು ಕರೆದು ತೋರಿಸುತ್ತಾಳೆ, ಅವನು ನೆಲಕ್ಕೆ ಮಂಡಿಯೂರಿ ನೋಡುತ್ತಾನೆ, ಕಣ್ಣೊರೆಸಿಕೊಳ್ಳುತ್ತಾನೆ. ನಾವು ಮೊದಲು ತಿರುವುಮುರುವಾಗಿ ಓದಿದಾಗ ನಗುತ್ತ ನೆರೆದ ಜನ ಕಂಡಿದ್ದರಲ್ಲ, ಅದು ಇದರ ಮುಂದಿನ ಪುಟ. ಈ ಪುಟಗಳಲ್ಲಿ ತಪ್ಪು ಹುಡುಕಲು ನಾನು ಎಷ್ಟು ಒದ್ದಾಡಿದರೂ ಸಿಗಲಿಲ್ಲ.

ಆ ತಿಂಗಳು ನನ್ನ ದಿನ ಬಂದಾಗ ನಾನು ಗೇಟಿನಲ್ಲಿ ‘ಇಲ್ಲ’ ಎಂದೆ.

ಗೆಳತಿ ಅವಳ ಅಮ್ಮ ಕೌದಿ ಹೊಲಿಯುವ ದಾರದ ಡಬ್ಬಿಯಿಂದ ಎರಡು ಬಣ್ಣದ ದಾರ ತಂದಿದ್ದಳು. ಬೇವಿನ ಮರದ ಪಕ್ಕದ ಸಾಲನ್ನು ನಾವಿಬ್ಬರೂ ಹಂಚಿಕೊಂಡೆವು. ಒಂದೇ ಡಬ್ಬಿಯ ಪುಡಿ, ಒಂದೇ ಹೊತ್ತು. ನಾನು ಮುಟ್ಟಿಸಿದ ಐವತ್ತು ಹೂವುಗಳ ತೊಟ್ಟಿಗೆ ಕೆಂಪು ದಾರ, ಅವಳ ಐವತ್ತಕ್ಕೆ ಬಿಳಿ. ಎಲೆಯ ಮರೆಯಲ್ಲಿ ಕಟ್ಟಿದೆವು. ಹದಿನೈದು ದಿನಕ್ಕೆ ಎಣಿಸಿದಾಗ ಕೆಂಪಿನಲ್ಲಿ ನಲವತ್ತೆರಡು ಕಾಯಿ, ಬಿಳಿಯಲ್ಲಿ ನಲವತ್ತು. ನನ್ನ ಕೈ ಅವಳ ಕೈಗಿಂತ ಚುರುಕು, ಅದಕ್ಕೇ ಇರಬಹುದು ಎಂದು ಗೆಳತಿ ತಕರಾರು ತೆಗೆದಳು. ತಕರಾರು ಸರಿಯಾಗಿತ್ತು. ಹಾಗಾಗಿ ಮುಂದಿನ ತಿಂಗಳು ಅವಳು ಹೊರಗಾದ ದಿನ ಅದಲುಬದಲು ಮಾಡಿದೆವು. ಕೆಂಪು ದಾರ ಅವಳದು, ಬಿಳಿ ನನ್ನದು. ಈ ಸಲ ಎರಡರಲ್ಲೂ ಕಾಯಿ ಕಡಿಮೆ ನಿಂತವು, ಕಡಿಮೆಯಾದದ್ದೂ ಸಮಸಮ. ಯಾಕೆಂದು ಕೂಡ ನಮಗೆ ತಿಳಿದಿತ್ತು. ಸಾಹೇಬ ಆ ವರ್ಷ ಸಸಿಯನ್ನು ಒಂದೂವರೆ ತಿಂಗಳು ತಡಮಾಡಿ ಹಚ್ಚಿಸಿದ್ದ, ಹೂವು ಏಪ್ರಿಲ್ ಬಿಸಿಲಿಗೆ ಸಿಕ್ಕಿತ್ತು. ಆ ಬಿಸಿಗಾಳಿಗೆ ಪುಡಿ ಬಟ್ಟಲಿನಲ್ಲೇ ಸಾಯುತ್ತಿತ್ತು.

ಪ್ಲಾಟಿನ ತುಂಬ ಹೂವು ಉದುರತೊಡಗಿತು. ಕಂಪನಿಯವರು ಬಂದು ನೋಡಿ ಹೋದರು. ಮರುದಿನ ಬೆಳಿಗ್ಗೆ ಸಾಹೇಬ ನಲವತ್ತು ಹೆಂಗಸರನ್ನು ಬದುವಿನ ಮೇಲೆ ಸಾಲಾಗಿ ನಿಲ್ಲಿಸಿದ. ನಿಮ್ಮಲ್ಲಿ ಯಾರೋ ಮುಟ್ಟಿನಲ್ಲಿ ಒಳಗೆ ಬಂದಿದ್ದಾರೆ, ಅದಕ್ಕೇ ಹೀಗಾಗಿದೆ, ಯಾರೆಂದು ಒಪ್ಪಿಕೊಳ್ಳುವ ತನಕ ಒಬ್ಬರಿಗೂ ಕೆಲಸವಿಲ್ಲ ಎಂದ. ತಡಮಾಡಿ ಹಚ್ಚಿಸಿದವನು ಅವನು. ನಿಂತವರು ನಾವು. ನಲವತ್ತು ಜನ ನೆಲ ನೋಡುತ್ತಿದ್ದರು. ಅವ್ವ ನನ್ನಿಂದ ಏಳೆಂಟು ಜನರ ಆಚೆಗಿದ್ದಳು, ಅವಳೂ ನೆಲ ನೋಡುತ್ತಿದ್ದಳು. ನನಗೆ ಆ ಹುಡುಗಿಯ ಎರಡು ಸಾಲು ನೆನಪಾಯಿತು, ಮಂಡಿಯೂರಿದ ಹಿರಿಯ ನೆನಪಾದ. ಸಿಟ್ಟಿನ ಜೊತೆ ಒಂದು ಬಗೆಯ ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ನನ್ನ ಹತ್ತಿರ ಲೆಕ್ಕವಿತ್ತು.

ನಾನು ಮುಂದೆ ಬಂದು ಬೇವಿನ ಮರದ ಸಾಲಿನ ಕಡೆ ಕೈ ಮಾಡಿದೆ. ‘ಸಾಹೇಬ್ರ, ಅಲ್ಲಿ ಕೆಂಪ ದಾರ ಕಟ್ಟಿದ್ದು ನಾ ಹೊರಗಾದಾಗ ಮಾಡಿದ್ದು. ಬಿಳಿ ದಾರದ್ದು ಬ್ಯಾರೆಯವರದು. ಎಣಿಸಿ ನೋಡ್ರಿ’ ಎಂದೆ.

ನನ್ನ ಹಿಂದಿನಿಂದ ಗೆಳತಿ, ಯಾರೂ ಕರೆಯದೆ ಮುಂದೆ ಬಂದು, ಎರಡನೆಯ ತಿಂಗಳ ಕೆಂಪು ದಾರ ತನ್ನದು ಎಂದಳು.

ಆ ಸಾಲು ಇಪ್ಪತ್ತು ಹೆಜ್ಜೆ ದೂರವಿತ್ತು. ನಡೆದು ಹೋಗಿ ಒಮ್ಮೆ ಬಗ್ಗಿದರೆ ಸಾಕು. ಕಿಸೆಯಲ್ಲಿ ಭೂತಗನ್ನಡಿ ಇತ್ತು, ನಾಲ್ಕು ವರ್ಷ ಕಲಿತ ವಿಜ್ಞಾನವಿತ್ತು. ನಾವು ದಿನಕ್ಕೆ ಸಾವಿರ ಸಲ ಬಗ್ಗುತ್ತಿದ್ದೆವು, ಅವನಿಗೆ ಒಂದು ಸಲ ಬಗ್ಗಲು ಆಗಲಿಲ್ಲ. ಆ ಕಡೆ ತಿರುಗಿ ಸಹ ನೋಡಲಿಲ್ಲ. ನನ್ನನ್ನೂ ನೋಡಲಿಲ್ಲ. ಮುದುಕಿಯನ್ನು ಕೇಳಿದ:

‘ಇಕಿ ಅವ್ವ ಯಾರು?’

ಅವ್ವ ಸಾಲಿನಿಂದ ಹೊರಗೆ ಬಂದಳು. ಬೆರಳಿನ ಉಂಗುರ ತೆಗೆದಳು, ಬಟ್ಟಲಿನಲ್ಲಿದ್ದ ಪುಡಿ ಚೆಲ್ಲದ ಹಾಗೆ ಅದನ್ನು ಡಬ್ಬಿಯ ಮುಚ್ಚಳದ ಮೇಲೆ ಇಟ್ಟಳು, ಚಿಮಟ ಪಕ್ಕಕ್ಕಿಟ್ಟಳು. ಮೂವರೂ ಗೇಟು ದಾಟಿ ಬಂದೆವು.

ಹಲಗೇರಿ ರಸ್ತೆಯ ಬಿಸಿಲಿನಲ್ಲಿ ಅವ್ವ ನಮಗಿಂತ ಮುಂದೆ ನಡೆಯುತ್ತಿದ್ದಳು. ಗೆಳತಿ ಅವಳ ಓಣಿಗೆ ತಿರುಗಿದ ಮೇಲೂ ಅವ್ವ ಹಿಂದೆ ನೋಡಲಿಲ್ಲ. ಕುಪ್ಪೇಲೂರಿನ ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ನಾನು ತಡೆಯಲಾರದೆ, ನಾನು ಹೇಳಿದ್ದು ಖರೇ ಇತ್ತು, ಕಾಯಿ ಎಣಿಸಿದ್ದೆ ಎಂದೆ. ಆಗ ನಿಂತಳು.

‘ಎಂಟು ವರ್ಷದಾಗ ನಾ ಒಂದ ತಿಂಗಳಾನೂ ಬಿಟ್ಟಿಲ್ಲ’ ಎಂದಳು. ‘ಯಾರೂ ಬಿಡಂಗಿಲ್ಲ. ಗೇಟಿನ ಮುದುಕಿಗೂ ಗೊತ್ತೈತಿ. ಎಲ್ಲಾರೂ ಇಲ್ಲ ಅಂತೀವಿ, ಒಳಗ ಹೋಗತೀವಿ. ನೀ ಹೇಳಿಬಿಟ್ಟಿ.’

ನನ್ನ ಐವತ್ತು ಹೂವು, ಕೆಂಪು ದಾರ, ಅದಲುಬದಲು ಎಲ್ಲವೂ ಆ ರಸ್ತೆಯ ಮೇಲೆ ಮಕ್ಕಳಾಟವಾಗಿ ಕಂಡವು. ನಲವತ್ತು ಹೆಂಗಸರು ಎಂಟು ವರ್ಷ ಮಾಡಿದ ಪ್ರಯೋಗವನ್ನು ನಾನು ಎರಡು ತಿಂಗಳಲ್ಲಿ ಮಾಡಿ ಗೆದ್ದೆನೆಂದು ಬೀಗಿದ್ದೆ. ಅವರಿಗೆ ಫಲಿತಾಂಶ ನನಗಿಂತ ಮೊದಲೇ ತಿಳಿದಿತ್ತು. ಅದನ್ನು ಯಾರ ಮುಂದೆ ಹೇಳಬಾರದು ಎಂಬುದೂ ತಿಳಿದಿತ್ತು. ನನಗೆ ಅವ್ವನ ಮೇಲೂ ಸಿಟ್ಟು ಬಂತು, ಎಂಟು ವರ್ಷ ಬಾಯಿ ಮುಚ್ಚಿಕೊಂಡು ಇದ್ದದ್ದಕ್ಕೆ. ಆ ಸಿಟ್ಟು ಇಳಿಯಲು ಬಹಳ ವರ್ಷ ಹಿಡಿಯಿತು. ನನ್ನ ಮೇಲಿನದು ಇನ್ನೂ ಇಳಿದಿಲ್ಲ.

ಕೆಂಪು ದಾರದ ಕಾಯಿಗಳ ಗತಿಯನ್ನು ಗೇಟಿನ ಮುದುಕಿಯೇ ಒಂದು ಸಂತೆಯ ದಿನ ಅವ್ವನ ಮುಂದೆ ಹೇಳಿದಳು. ಹಣ್ಣಾಗುವ ತನಕ ಸಾಹೇಬ ಆ ಸಾಲನ್ನು ಯಾರಿಗೂ ಮುಟ್ಟಗೊಡಲಿಲ್ಲ. ಹಣ್ಣಾದ ಮೇಲೆ ಅವನೇ ನಿಂತು ದಾರಗಳನ್ನು ಬಿಚ್ಚಿಸಿ, ಹಣ್ಣುಗಳನ್ನು ಉಳಿದ ಹಣ್ಣಿನ ಬುಟ್ಟಿಗೇ ಹಾಕಿಸಿದನಂತೆ. ಒಂದನ್ನೂ ಎಸೆಯಲಿಲ್ಲ. ಅಂದರೆ ಅವನಿಗೂ ಗೊತ್ತಿತ್ತು. ಮೈಲಿಗೆ ನಮಗಿತ್ತು, ನಮ್ಮ ಬೀಜಕ್ಕೆ ಇರಲಿಲ್ಲ. ಅವನ್ನು ತೊಳೆದು ಒಣಗಿಸಿ ತವರದ ಡಬ್ಬಿಯಲ್ಲಿ ಕಟ್ಟಿ ಜಪಾನಿಗೋ ಇನ್ನೆಲ್ಲಿಗೋ ಕಳಿಸಿದರು.

ಜೂನ್ ತಿಂಗಳಲ್ಲಿ ನಾನು ಕಾಲೇಜಿಗೆ ಹೋಗಲಿಲ್ಲ. ಹಂಗಾಮು ಮುಗಿಯುವ ತನಕ ನಿಂತಿರಲಿಲ್ಲ, ಕರಾರು ಕರಾರೇ. ಕೇಳಿಬಂದ ಸಂಬಂಧಕ್ಕೆ ಮಾತ್ರ ಅವ್ವ ಏನೋ ನೆಪ ಹೇಳಿ ಕಳಿಸಿದಳು. ಎರಡು ವರ್ಷ ಅವ್ವನೂ ನಾನೂ ಬ್ಯಾಡಗಿಯಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿದೆವು. ಕೈ ಉರಿಗೆ ಎಣ್ಣೆ ಹಚ್ಚಿಕೊಂಡು ಮಲಗುತ್ತಿದ್ದೆವು. ಅದಾದ ಮೇಲೆ ಒಂದು ದಿನ ಅವ್ವ ತಾನಾಗಿಯೇ ಹಾವೇರಿಗೆ ಹೋಗಿ ಕಾಲೇಜಿನ ಅರ್ಜಿ ತಂದಳು. ನಾನು ಓದಿದ್ದು ಜೀವಶಾಸ್ತ್ರ, ಈಗ ಕಲಿಸುವುದೂ ಅದನ್ನೇ.

ನಾವು ಪ್ಲಾಟು ಬಿಟ್ಟ ಮರುವರ್ಷದ ಕ್ರಾಸಿಂಗ್ ಹಂಗಾಮಿನಲ್ಲಿ, ನಾನು ಬ್ಯಾಡಗಿಯಿಂದ ಮನೆಗೆ ಬಂದಿದ್ದ ದಿನ, ಅದೇ ಪ್ಲಾಟಿನ ಟೆಂಪೊ ನಮ್ಮ ಓಣಿಗೆ ಬಂದು ನಿಂತಿತು. ದೊಡ್ಡ ಹೆಂಗಸರನ್ನು ಕರೆಯಲಿಲ್ಲ. ಗೇಟಿನಲ್ಲಿ ಕೇಳುವ ರಗಳೆಯೇ ಬೇಡವೆಂದು ಸಾಹೇಬ ಈ ಸಲ ಇನ್ನೂ ಮೈನೆರೆಯದ ಹುಡುಗಿಯರನ್ನು ಮಾತ್ರ ಆರಿಸಿದ್ದ. ಹತ್ತು, ಹನ್ನೊಂದು ವರ್ಷದವರು. ಅವರಲ್ಲಿ ಇಬ್ಬರು ನಮ್ಮ ಬೀದಿಯವರೇ, ಶಾಲೆಯ ಲಂಗ ತೊಟ್ಟುಕೊಂಡೇ ಹತ್ತಿದರು. ನನ್ನ ಎರಡು ದಾರದ ವಿಜ್ಞಾನ ಅವನಿಗೆ ಕಲಿಸಿದ್ದು ಇಷ್ಟು. ಟೆಂಪೊದ ಹಿಂದೆ ಕೂತ ಒಬ್ಬಳು ನನಗೆ ಕೈ ಬೀಸಿದಳು, ನಾನು ತಿರುಗಿ ಬೀಸಲಿಲ್ಲ.

ಅಂದು ಮನೆಗೆ ಬಂದು ಹಳೆಯ ನೋಟ್‌ಬುಕ್ ತೆಗೆದೆ. ಮೂವತ್ತೊಂಬತ್ತು ತಪ್ಪುಗಳಿದ್ದವು. ಹುಡುಗಿ ಎರಡು ಸಾಲು ತೋರಿಸುವ ಆ ಪುಟಗಳನ್ನು, ನಾನು ಎಷ್ಟು ಹುಡುಕಿದರೂ ತಪ್ಪು ಸಿಗದ ಪುಟಗಳನ್ನು, ಮತ್ತೊಮ್ಮೆ ನೋಡಿದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಹಿರಿಯ ಅಲ್ಲಿ ಮಂಡಿಯೂರಿಯೇ ಇರುತ್ತಾನೆ. ಹುಡುಗರು ನನ್ನ ಮುಂದೆ ಮೊಬೈಲು ಹಿಡಿದು ವಿಜ್ಞಾನ ಸರಿಯಿದೆ ಎಂದಾಗ ನಾನು ಬೀಜದ ಮಾತು, ಪೆಟ್ರೋಲಿನ ಮಾತು ಆಡುವುದನ್ನು ಬಿಟ್ಟಿದ್ದೇನೆ. ಆ ನೋಟ್‌ಬುಕ್ಕಿನ ಕೊನೆಯ ಸಾಲನ್ನು ತೋರಿಸುತ್ತೇನೆ. ನಲವತ್ತನೆಯ ತಪ್ಪು: ಹುಡುಗಿ ತೋರಿಸಿದಳು, ಅವನು ಬಗ್ಗಿ ನೋಡಿದ.